ಗ್ಲೋ ಪ್ಲಗ್‌ಗೆ ವಿಮಾನದಲ್ಲೇ ಕರೆಂಟ್: ಮೂರನೇ ಸಲಕ್ಕೆ ಸರಿಹೋಯಿತು

ರಿಮೋಟ್‌ನಲ್ಲಿ ಹಾರಿಸುವ ನನ್ನ ಹೈ ವಿಂಗ್ (ರೆಕ್ಕೆ ಮೇಲ್ಗಡೆ ಇರುವ) ಮಾಡೆಲ್ ವಿಮಾನದಲ್ಲಿ 52 ಸೈಜಿನ (0.52 ಘನ ಇಂಚಿನ) ಫೋರ್ ಸ್ಟ್ರೋಕ್ ಎಂಜಿನ್ ಇದೆ. ಮೂತಿ ಚೆಂದ ಕಾಣಲಿ ಅಂತ ಅದನ್ನು ತಲೆಕೆಳಗಾಗಿ ಕೂರಿಸಿದ್ದೆ. ತಾಪತ್ರಯ ಶುರುವಾಗಿದ್ದೇ ಅಲ್ಲಿಂದ. ಮೇಲೆ ಹಾರುವಾಗ ಏನೂ ತೊಂದರೆ ಇಲ್ಲ. ಇಳಿಸೋಣ ಅಂತ ಥ್ರಾಟಲ್ ತಗ್ಗಿಸಿ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ ಆಫ್. ಎರಡು ಭಾನುವಾರ ಸಾಲಾಗಿ ಪಕ್ಕದ ರಾಗಿ ಹೊಲದಿಂದ ವಿಮಾನ ಹೊತ್ತುಕೊಂಡು ಬಂದೆ.

ಕಾರಣ ಸರಳ. ಈ ಎಂಜಿನ್‌ನಲ್ಲಿ ಇಂಧನ ಹೊತ್ತಿಸುವುದು ಗ್ಲೋ ಪ್ಲಗ್. ಅದರ ಒಳಗಿನ ಪ್ಲಾಟಿನಂ ಸುರುಳಿ ಒಮ್ಮೆ ಬ್ಯಾಟರಿಯಿಂದ ಕಾದರೆ ಸಾಕು, ಬ್ಯಾಟರಿ ತೆಗೆದರೂ ಇಂಧನದ ಮೆಥನಾಲ್ ಉರಿಯುವ ಬಿಸಿಗೆ ಕೆಂಪಗೇ ಇರುತ್ತದೆ. ಆದರೆ ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದೇ ಸಲ ಉರಿಯುವುದು. ಐಡಲ್‌ನಲ್ಲಿ (ಎಂಜಿನ್ ನಿಧಾನಕ್ಕೆ ಸುಮ್ಮನೆ ತಿರುಗುವಾಗ) ಆ ಬಿಡುವಿನಲ್ಲೇ ಸುರುಳಿ ತಣ್ಣಗಾಗುತ್ತದೆ, ಮೇಲಾಗಿ ಎಂಜಿನ್ ತಲೆಕೆಳಗಿದ್ದರೆ ಉರಿಯದೆ ಉಳಿದ ಇಂಧನವೆಲ್ಲ ಇಳಿದು ಬಂದು ಪ್ಲಗ್ ಮೇಲೇ ಕೂರುತ್ತದೆ. ಹಾಗಾಗಿ ಥ್ರಾಟಲ್ ಕಡಿಮೆ ಇದ್ದಾಗ ಮಾತ್ರ ಪ್ಲಗ್‌ಗೆ ಕರೆಂಟ್ ಕೊಡುವ ಡ್ರೈವರ್ (ಸಣ್ಣ ಸರ್ಕ್ಯೂಟ್) ಹಾಕೋಣ ಅಂತ ಹೊರಟೆ.

ಮೊದಲನೇ ಸಲ ಜಾಣತನ ಮಾಡಲು ಹೋದೆ. ಇನ್ನೊಂದು ಬ್ಯಾಟರಿ ಯಾಕೆ, ಸುಮ್ನೆ ಭಾರ ಅಲ್ವಾ? ರಿಮೋಟ್‌ನ ಸಿಗ್ನಲ್ ಹಿಡಿಯುವ ರಿಸೀವರ್‌ನ 4.8 ವೋಲ್ಟ್ ಬ್ಯಾಟರಿಯಿಂದಲೇ, ವೋಲ್ಟೇಜ್ ಇಳಿಸುವ ಸಣ್ಣ ಬಕ್ ಕನ್ವರ್ಟರ್ ಇಟ್ಟು 1.3 ವೋಲ್ಟ್ ಮಾಡಿದೆ. ಪ್ಲಗ್ ಹೊತ್ತಿಕೊಂಡಿತು. ಜೊತೆಗೆ ಸರ್ವೋಗಳೂ (ರೆಕ್ಕೆ, ಬಾಲದ ಭಾಗಗಳನ್ನು ಆಡಿಸುವ ಸಣ್ಣ ಮೋಟರ್‌ಗಳು) ನಡುಗತೊಡಗಿದವು. ಪ್ಲಗ್ ಸುಮಾರು 3 ಆಂಪಿಯರ್ ಎಳೆಯುತ್ತದೆ, ತಣ್ಣಗಿದ್ದಾಗ ಇನ್ನೂ ಜಾಸ್ತಿ. ಕನ್ವರ್ಟರ್ ಮೂಲಕ ಆದರೂ ರಿಸೀವರ್ ಬ್ಯಾಟರಿಗೆ 1 ಆಂಪಿಯರ್‌ಗಿಂತ ಹೆಚ್ಚಿನ ಹೊರೆ. ಅದೂ ಎಲ್ಲಿ? ಲ್ಯಾಂಡಿಂಗ್‌ನಲ್ಲಿ, ಮೂತಿ ಎತ್ತಿ ಇಳಿಸುವ ಎಲಿವೇಟರ್‌ನ ಸರ್ವೋಗೆ ಕರೆಂಟ್ ಬೇಕೇ ಬೇಕು ಅನ್ನುವ ಹೊತ್ತಿಗೆ. ಪುಣ್ಯಕ್ಕೆ ಇದು ಟೇಬಲ್ ಮೇಲೇ ಗೊತ್ತಾಯಿತು. ಕಿತ್ತು ಹಾಕಿದೆ.

ಎರಡನೇ ಸಲ ಪ್ಲಗ್‌ಗೆ ಅಂತಲೇ ಬೇರೆ ಸೆಲ್ ಕೊಟ್ಟೆ. ಒಂದೇ ಒಂದು ಸಬ್-ಸಿ ಸೈಜಿನ ನಿಕಲ್ ಮೆಟಲ್ ಹೈಡ್ರೈಡ್, 1.2 ವೋಲ್ಟ್, 3000 ಎಂಎಎಚ್. (ಲಿಥಿಯಂ ಪಾಲಿಮರ್, ಅಂದರೆ ಲಿಪೋ ಸೆಲ್ ನೇರ ಕೊಡುವ ಯೋಚನೆ ಇದ್ದರೆ ಬಿಟ್ಟುಬಿಡಿ. 3.7 ವೋಲ್ಟ್ ಬಿದ್ದರೆ ಸುರುಳಿ ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟುಹೋಗುತ್ತದೆ, ನನ್ನ ಗೆಳೆಯರೊಬ್ಬರು ನೋಡಿದ್ದಾರೆ.) ರಿಸೀವರ್‌ನ ಥ್ರಾಟಲ್ ಚಾನೆಲ್‌ಗೆ ವೈ ಲೀಡ್ (ಒಂದು ಸಿಗ್ನಲನ್ನು ಎರಡು ಕಡೆ ಕೊಡುವ ವೈರ್) ಹಾಕಿ, ಸಿಗ್ನಲ್ ಪಲ್ಸ್ 1.3 ಮಿಲಿಸೆಕೆಂಡ್‌ಗಿಂತ ಕೆಳಗೆ ಬಂದರೆ, ಅಂದರೆ ಥ್ರಾಟಲ್ ತಗ್ಗಿದರೆ, ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಆನ್ ಮಾಡುವಂತೆ ಒಂದು ಎಟಿಟೈನಿ85 ಚಿಪ್‌ಗೆ ಪ್ರೋಗ್ರಾಂ ಬರೆದೆ. ಸಿಗ್ನಲ್ಲೇ ಇಲ್ಲದಿದ್ದರೆ ಆಫ್.

ಎಲ್ಲ ಸರಿ ಇತ್ತು, ಪ್ಲಗ್ ಮಾತ್ರ ಬೀಡಿ ತುದಿಯ ಹಾಗೆ ಮಂಕಾಗಿ ಕೆಂಪಾಯಿತು, ಅಷ್ಟೇ. ಮಲ್ಟಿಮೀಟರ್ ಇಟ್ಟು ನೋಡಿದರೆ ಸೆಲ್ ಹತ್ತಿರ 1.22 ವೋಲ್ಟ್, ಪ್ಲಗ್ ಹತ್ತಿರ 0.86! ಮಧ್ಯೆ ಯಾರು ನುಂಗುತ್ತಿದ್ದಾರೆ ಅಂತ ಒಂದೊಂದೇ ಕಡೆ ಅಳೆಯುತ್ತಾ ಹೋದೆ. ಸೆಲ್ ಅನ್ನು ರೆಕ್ಕೆ ಕೆಳಗೆ ಇಟ್ಟಿದ್ದರಿಂದ ಹೋಗಿ ಬರುವ ವೈರ್ ಸೇರಿ ಹತ್ತಿರ ಹತ್ತಿರ ಒಂದು ಮೀಟರ್, ಅದೂ ಸರ್ವೋಗೆ ಹಾಕುವ 22 ಗೇಜ್ ವೈರ್. ಅಲ್ಲೇ 0.14 ಹೋಗಿತ್ತು. ಸರ್ವೋ ಕನೆಕ್ಟರ್ ಇನ್ನೊಂದಿಷ್ಟು ತಿಂದಿತ್ತು. ಮಾಸ್ಫೆಟ್‌ದು ಬೇರೆ ಕಥೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಅವಸರದಲ್ಲಿ ಐಆರ್‌ಎಫ್‌ಝಡ್44ಎನ್ ತಂದಿದ್ದೆ, ಬೇಕಿದ್ದದ್ದು ಐಆರ್‌ಎಲ್‌ಝಡ್44ಎನ್. ಆ ಒಂದು 'ಎಲ್' ಇದ್ದರೆ ಮಾತ್ರ ಗೇಟ್‌ಗೆ (ಅದನ್ನು ಆನ್ ಮಾಡುವ ಕಾಲಿಗೆ) 5 ವೋಲ್ಟ್ ಕೊಟ್ಟಾಗ ಸರಿಯಾಗಿ ತೆರೆದುಕೊಳ್ಳುತ್ತದೆ. ಮನೆಯ 230 ವೋಲ್ಟ್‌ನಲ್ಲಿ ಕಾಲು ವೋಲ್ಟ್ ಹೋದರೆ ಯಾರು ಕೇಳುತ್ತಾರೆ? ಇಲ್ಲಿ ಇರುವುದೇ 1.2.

ಮೂರನೇ ಸಲ ಸೆಲ್ ಅನ್ನು ಫೈರ್‌ವಾಲ್ (ಎಂಜಿನ್ ಕೂರಿಸುವ ಹಲಗೆ) ಹಿಂದೆಯೇ, ಟ್ಯಾಂಕ್ ಕೆಳಗೆ ಫೋಮ್ ಸುತ್ತಿ ಕೂರಿಸಿದೆ. 16 ಗೇಜ್ ಸಿಲಿಕಾನ್ ವೈರ್, ಒಂದೊಂದು ಗೇಣಿಗಿಂತ ಚಿಕ್ಕದು. ಎಂಜಿನ್ ಬಾಡಿಯ ವೈರ್‌ಗೆ ರಿಂಗ್ ಟರ್ಮಿನಲ್ ಹಾಕಿ, ಎಣ್ಣೆ ಒರೆಸಿ, ಕ್ರ್ಯಾಂಕ್‌ಕೇಸ್ ಬೋಲ್ಟ್ ಕೆಳಗೆ ಬಿಗಿದೆ. ಈಗ ಪ್ಲಗ್ ಹತ್ತಿರ 1.1 ವೋಲ್ಟ್ ಸಿಗುತ್ತದೆ, ಸುರುಳಿ ಚೆನ್ನಾಗಿ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಹತ್ತು ನಿಮಿಷದ ಹಾರಾಟದಲ್ಲಿ ಪ್ಲಗ್ ಆನ್ ಇರುವುದು ನಾಲ್ಕು ನಿಮಿಷ, ಅಂದರೆ ಖರ್ಚು ಸುಮಾರು 200 ಎಂಎಎಚ್. ಲೆಕ್ಕದ ಪ್ರಕಾರ ಹದಿನೈದು ಹಾರಾಟ ಬರಬೇಕು, ನಾನು ಆರಕ್ಕೇ ಚಾರ್ಜ್‌ಗೆ ಹಾಕುತ್ತೇನೆ.

ಒಂದು ವಿಷಯ ಮಾತ್ರ ಮರೆಯಬೇಡಿ. ಈಗ ರಿಸೀವರ್ ಆನ್ ಮಾಡಿ ಥ್ರಾಟಲ್ ಸ್ಟಿಕ್ ಕೆಳಗಿದ್ದರೆ ಪ್ಲಗ್ ಬಿಸಿಯಾಗಿಯೇ ಇರುತ್ತದೆ. ಕೈಯಲ್ಲಿ ಪ್ರೊಪೆಲ್ಲರ್ ಸ್ವಲ್ಪ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳಬಹುದು. ನಾನು ಸೆಲ್‌ಗೆ ಹೊರಗಡೆ ಬೇರೆ ಸ್ವಿಚ್ ಇಟ್ಟು ಪಕ್ಕದಲ್ಲಿ ಕೆಂಪು ಎಲ್‌ಇಡಿ ಹಾಕಿದ್ದೇನೆ. ಅದು ಉರಿಯುತ್ತಿದ್ದರೆ ಪ್ರೊಪೆಲ್ಲರ್ ಹತ್ತಿರ ಕೈ ಹೋಗುವುದಿಲ್ಲ.

ಭಾರದ ಚಿಂತೆ ಇತ್ತಲ್ಲ, ಅದೂ ತಾನಾಗಿಯೇ ಬಗೆಹರಿಯಿತು. ಸಮತೋಲಕ್ಕೆ ಅಂತ ಮೂತಿಯಲ್ಲಿ 50 ಗ್ರಾಂ ಸೀಸ ಅಂಟಿಸಿದ್ದೆ. ಸೆಲ್ ಮುಂದೆ ಬಂದ ಮೇಲೆ ಆ ಸೀಸ ಕಿತ್ತು ಟೂಲ್ ಬಾಕ್ಸ್‌ಗೆ ಹಾಕಿದೆ.