ಮನೆಯ ಸಾಬೂನನ್ನು ಮರಳಿ ಕರಗಿಸುವವರಿಗೆ ನಾಲ್ಕು ಮಾತು

ಮನೆಯಲ್ಲಿಯೇ ಸಾಬೂನು ಮಾಡುವ ಅಭ್ಯಾಸ ನಮ್ಮ ಹುಡುಗಿಯರಲ್ಲಿ ಬೆಳೆಯುತ್ತಿರುವುದನ್ನು ಕಂಡು ನನಗೆ ಸಂತೋಷವೇ ಆಗಿದೆ. ಆದರೆ ಒಮ್ಮೆ ಮಾಡಿದ ಸಾಬೂನನ್ನು ತುರಿದು, ಮರಳಿ ಕರಗಿಸಿ, ಅದಕ್ಕೆ ಎಣ್ಣೆ, ಬೀಜದಿಂದ ತೆಗೆದ ತುಪ್ಪ, ಪರಿಮಳಗಳನ್ನು ಸೇರಿಸುವ ಕೆಲಸದಲ್ಲಿ ಅವರು ತೋರಿಸುವ ಅವಸರವನ್ನು ನೋಡಿ ಸುಮ್ಮನಿರಲು ನನ್ನಿಂದಾಗುವುದಿಲ್ಲ. ತುರಿಯ ಮೇಲೆ ಲೋಟಗಟ್ಟಲೆ ನೀರು ಸುರಿಯುತ್ತಾರೆ, ಉರಿಯ ಮೇಲೆ ನೇರವಾಗಿ ಇಡುತ್ತಾರೆ, ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತಾರೆ, ಕೊನೆಗೆ ಅರ್ಧ ಬಟ್ಟಲು ಬಾದಾಮಿ ಎಣ್ಣೆಯನ್ನು ಹೊಯ್ದು, ಸಾಬೂನು ಗಟ್ಟಿಯಾಗಲಿಲ್ಲ, ನೊರೆ ಬರಲಿಲ್ಲ ಎಂದು ಫೋನು ಮಾಡುತ್ತಾರೆ. ಅಷ್ಟು ಒಳ್ಳೆಯ ಎಣ್ಣೆ ಹಾಳಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮರಳಿ ಕರಗಿಸುವುದು ಏಕೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕಾಸ್ಟಿಕ್ ಸೋಡಾ ಮತ್ತು ಎಣ್ಣೆ ಕೂಡಿ ಸಾಬೂನಾಗುವ ಹೊತ್ತಿನಲ್ಲಿ ಆ ಸೋಡಾದ ಖಾರಕ್ಕೆ, ಎಂದರೆ ಕ್ಷಾರಕ್ಕೆ, ಸೂಕ್ಷ್ಮವಾದ ಪರಿಮಳಗಳು ನಿಲ್ಲುವುದಿಲ್ಲ. ನೀವು ಆಸೆಪಟ್ಟು ಹಾಕಿದ ಬೆಲೆಬಾಳುವ ಎಣ್ಣೆಯೂ ಉಳಿದ ಎಣ್ಣೆಗಳ ಜೊತೆಗೆ ಸಾಬೂನೇ ಆಗಿಬಿಡುತ್ತದೆ. ಸಾಬೂನು ಆದ ಮೇಲೆ ಸೇರಿಸಿದ ತುಪ್ಪವಾದರೋ ತುಪ್ಪವಾಗಿಯೇ ಉಳಿದು ಚರ್ಮಕ್ಕೆ ಸಿಗುತ್ತದೆ. ಈ ಎರಡನೆಯ ಸಲದ ಪ್ರಯೋಜನ ಇರುವುದೇ ಇಲ್ಲಿ, ಅಪಾಯ ಇರುವುದೂ ಇಲ್ಲಿಯೇ. ಹಾಗೆ ಉಳಿದ ತುಪ್ಪ ಹೆಚ್ಚಾದರೆ ನೊರೆಯನ್ನು ನುಂಗುತ್ತದೆ, ಕೆಲವು ತಿಂಗಳಲ್ಲಿ ಕಮಟು ಹಿಡಿದು ಸಾಬೂನಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳನ್ನು ಎಬ್ಬಿಸುತ್ತದೆ.

ಮೊದಲ ಸಲ ಸಾಬೂನು ಮಾಡುವಾಗ ತಕ್ಕಡಿ ಇಲ್ಲದೆ ಕೈ ಹಾಕಬಾರದು. 100 ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸಾಬೂನಾಗಲು ಸುಮಾರು 18 ಗ್ರಾಂ ಕಾಸ್ಟಿಕ್ ಸೋಡಾ ಬೇಕು, ಅಷ್ಟೇ ಹರಳೆಣ್ಣೆಗೆ ಸುಮಾರು 13 ಗ್ರಾಂ ಸಾಕು. ಅಲ್ಲಿ ಕಣ್ಣಳತೆ ನಡೆಯುವುದಿಲ್ಲ. ಅದೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಮರಳಿ ಕರಗಿಸುವಾಗ ಮಾತ್ರ ಅಳತೆಯನ್ನು ಕೈಯೇ ಹೇಳುತ್ತದೆ. ಹಳೆಯ ಸಾಬೂನಾದರೆ ಹೆಚ್ಚು ನೀರು ಕೇಳುತ್ತದೆ, ವಾರದ ಹಿಂದೆ ಮಾಡಿದ್ದಾದರೆ ಸ್ವಲ್ಪ ಚಿಮುಕಿಸಿದರೆ ಸಾಕು. ನನ್ನನ್ನು ಕೇಳಿದರೆ ಒಂದೆರಡು ವಾರದ ಸಾಬೂನೇ ಈ ಕೆಲಸಕ್ಕೆ ಯೋಗ್ಯ. ಖಾರ ಇಳಿದಿರುತ್ತದೆ, ಒಳಗಿನ ತೇವ ಪೂರ್ತಿ ಆರಿರುವುದಿಲ್ಲ. ತುರಿಯುವ ಮೊದಲು ಒದ್ದೆ ಬೆರಳನ್ನು ಸಾಬೂನಿನ ಮೇಲೆ ಉಜ್ಜಿ ನಾಲಿಗೆಯ ತುದಿಗೆ ಸೋಂಕಿಸಿ, ಕೂಡಲೇ ಬಾಯಿ ಮುಕ್ಕಳಿಸಿ. ಬರೀ ಸಾಬೂನಿನ ರುಚಿ ಬಂದರೆ ಸರಿ. ಚುರ್ ಎಂದು ಕುಟುಕಿದರೆ ಖಾರ ಇನ್ನೂ ಉಳಿದಿದೆ ಎಂದು ಅರ್ಥ; ಅಂಥದ್ದಕ್ಕೆ ಪರಿಮಳ ಹಾಕಿ ಹಾಳುಮಾಡದೆ, ಕೊಬ್ಬರಿ ಎಣ್ಣೆ ಸೇರಿಸಿ, ಕುಟುಕುವುದು ನಿಲ್ಲುವವರೆಗೆ ಬೇಯಿಸಿಕೊಳ್ಳಬೇಕು. ಪಾತ್ರೆ ಸ್ಟೀಲಿನದೇ ಆಗಿರಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಈ ಕೆಲಸದ ಹತ್ತಿರಕ್ಕೂ ತರಬೇಡಿ, ಖಾರ ಅದನ್ನು ತಿನ್ನುತ್ತದೆ. ಸಾಬೂನಿಗೆ ಬಳಸಿದ ತುರಿಮಣೆ ಮರಳಿ ಅಡುಗೆಮನೆಗೆ ಹೋಗಬಾರದು.

ಇನ್ನು, ನಾನು ಯಾರು ಏನೆಂದರೂ ಬಿಡದ ಕ್ರಮವೊಂದಿದೆ. ತುರಿದ ಸಾಬೂನನ್ನು ಅದೇ ದಿನ ಒಲೆಗೆ ಏರಿಸಕೂಡದು; ಅದು ಒಂದು ರಾತ್ರಿ ನೆನೆಯಬೇಕು. ನೆನೆಯುವುದು ಎಂದರೆ ನೀರಿನಲ್ಲಿ ಮುಳುಗಿಸುವುದಲ್ಲ. ಸಂಜೆ ಒಂದು ಹಿಡಿ ಲಾವಂಚದ ಬೇರನ್ನು ಮಣ್ಣು ಹೋಗುವಂತೆ ತೊಳೆದು, ಕತ್ತರಿಸಿ, ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ ಆರಲು ಬಿಡುತ್ತೇನೆ. ಸಾಬೂನನ್ನು ಸಣ್ಣ ಕಣ್ಣಿನ ತುರಿಮಣೆಯಲ್ಲಿ ತುರಿಯುತ್ತೇನೆ. ದಪ್ಪ ತುರಿಯ ನಡುವಿನ ಗಟ್ಟಿ ಕೊನೆಯವರೆಗೂ ಕರಗದೆ ಬಿಳಿ ಕಾಳುಗಳಾಗಿ ಉಳಿದುಬಿಡುತ್ತದೆ. ಅಗಲವಾದ ಸ್ಟೀಲ್ ಪಾತ್ರೆಯಲ್ಲಿ ತುರಿಯನ್ನು ಒಂದು ಪದರ ಹರಡಿ, ಆರಿದ ಲಾವಂಚದ ನೀರನ್ನು ಬೆರಳಿನಿಂದ ಚಿಮುಕಿಸುತ್ತೇನೆ, ಅದರ ಮೇಲೆ ಇನ್ನೊಂದು ಪದರ, ಮತ್ತೆ ಚಿಮುಕಿಸುವುದು, ಹೀಗೆ ತುರಿ ಮುಗಿಯುವವರೆಗೆ. ಆಮೇಲೆ ಎರಡೂ ಕೈಗಳಿಂದ ಅಡಿಯದ್ದು ಮೇಲೆ ಬರುವಂತೆ ಹಗುರವಾಗಿ ಮಗುಚಬೇಕು, ಹಿಸುಕಬಾರದು, ನಾದಬಾರದು. ಒಂದು ಹಿಡಿ ತೆಗೆದು ಅಂಗೈಯಲ್ಲಿ ಒತ್ತಿ ನೋಡಿ. ಉಂಡೆಯಾಗಿ ನಿಂತು, ಬೆರಳು ತಾಗಿಸಿದರೆ ಪುಡಿಪುಡಿಯಾಗಿ ಬಿಡಿಸಿಕೊಂಡರೆ ನೀರು ಸರಿಯಾಗಿದೆ. ಕೈಗೆ ಅಂಟಿ ಜಾರಿದರೆ ಹೆಚ್ಚಾಗಿದೆ, ಆಗ ಒಂದಿಷ್ಟು ಒಣ ತುರಿ ಬೆರೆಸಿ. ಉಂಡೆಯೇ ಕಟ್ಟದಿದ್ದರೆ ಇನ್ನೊಂದು ಸುತ್ತು ಚಿಮುಕಿಸಿ. ಅಂಚಿನಲ್ಲಿ ಒಣಗದಂತೆ ಒದ್ದೆ ಬಟ್ಟೆ ಹೊದಿಸಿ, ಮೇಲೆ ಮುಚ್ಚಳ ಮುಚ್ಚಿ ಬೆಳಗಿನವರೆಗೆ ಹಾಗೆಯೇ ಬಿಡಬೇಕು. ಮಲಗುವ ಮುಂಚೆ ಒಮ್ಮೆ ಮಗುಚಿದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ನೋಡಿದಾಗ ತುರಿಯ ಎಳೆಗಳ ಬಿಳುಪು ಕಡಿಮೆಯಾಗಿ, ಮೇಣದ ಹೊಳಪು ಬಂದು, ಮುಟ್ಟಿದರೆ ತಣ್ಣಗೆ ಮೆತ್ತಗಿರುತ್ತವೆ. ರಾತ್ರಿ ಹೀಗೆ ನೀರುಂಡ ಸಾಬೂನು ಬೆಳಿಗ್ಗೆ ತಾನಾಗಿ ಕರಗುತ್ತದೆ. ನೆನೆಸದೆ ಒಲೆಗೇರಿಸಿದವರು ಕರಗಲಿಲ್ಲವೆಂದು ನೀರು ಸೇರಿಸುತ್ತಾರೆ, ಸೇರಿಸಿದ ನೀರು ಆರುವಾಗ ಸಾಬೂನು ಕುಗ್ಗಿ ಸೊಟ್ಟಗಾಗುತ್ತದೆ, ಅಚ್ಚು ತಂದವನನ್ನು ಬಯ್ಯುತ್ತಾರೆ.

ಬೇಯಿಸುವುದು ಹಬೆಯಲ್ಲಿ. ದೊಡ್ಡ ಪಾತ್ರೆಯಲ್ಲಿ ನಾಲ್ಕು ಬೆರಳು ನೀರಿಟ್ಟು, ಅದು ಸಣ್ಣಗೆ ಕುದಿಯುತ್ತಿರುವಾಗ ತುರಿಯ ಪಾತ್ರೆಯನ್ನು ಒಳಗಿಟ್ಟು ಮುಚ್ಚಬೇಕು. ಮುಚ್ಚಳಕ್ಕೆ ಒಳಗಿನಿಂದ ತೆಳು ಹತ್ತಿಯ ಬಟ್ಟೆ ಕಟ್ಟುವುದನ್ನು ಮರೆಯಬಾರದು. ಇಲ್ಲದಿದ್ದರೆ ಹಬೆ ಹನಿಯಾಗಿ ಸಾಬೂನಿನ ಮೇಲೆ ಬಿದ್ದು, ರಾತ್ರಿಯೆಲ್ಲ ಕಾದುಕೊಂಡ ಅಳತೆ ಕೆಟ್ಟುಹೋಗುತ್ತದೆ. ಬಟ್ಟೆಯ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ: ಒಗೆದ ಟವೆಲುಗಳಿಗೆಲ್ಲ ಪರಿಮಳದ ಕಂಡೀಷನರ್ ಹಾಕುವ ಚಟವನ್ನು ದಯವಿಟ್ಟು ಬಿಡಿ. ಅದು ನೂಲಿನ ಮೇಲೆ ಜಿಡ್ಡಿನ ಪದರ ಕೂರಿಸುತ್ತದೆ, ಟವೆಲು ಮೆತ್ತಗಾಗಿ ಕಂಡರೂ ನೀರು ಹೀರುವುದಿಲ್ಲ, ಮೈ ಒರೆಸಲಿಕ್ಕೂ ಬಾರದು, ಮುಚ್ಚಳಕ್ಕೆ ಕಟ್ಟಲಿಕ್ಕೂ ಬಾರದು. ಹಳೆಯ ಪಂಚೆಯ ತುಂಡೇ ಈ ಕೆಲಸಕ್ಕೆ ಉತ್ತಮ.

ಕಾಲು ಗಂಟೆಗೊಮ್ಮೆ ಮುಚ್ಚಳ ತೆಗೆದು, ಮರದ ಸಟ್ಟುಗದಿಂದ ಅಡಿಯಿಂದ ಮೇಲಕ್ಕೆ ಒಮ್ಮೆ ಮಡಚಿ, ಮತ್ತೆ ಮುಚ್ಚಿ. ಪದೇ ಪದೇ ತಿರುವಿದರೆ ಗಾಳಿ ಸೇರಿ ಒಳಗೆಲ್ಲ ಗುಳ್ಳೆಯಾಗುತ್ತದೆ. ಸುಮಾರು ಒಂದು ಗಂಟೆಯ ಹೊತ್ತಿಗೆ ಬಿಳಿ ಎಳೆಗಳು ಮಾಯವಾಗಿ, ಅಂಚಿನಲ್ಲಿ ಪಾರದರ್ಶಕವಾಗಿ, ಹದವಾದ ಹಲ್ವದಂತೆ ಪಾತ್ರೆ ಬಿಟ್ಟು ಸಟ್ಟುಗಕ್ಕೆ ಸುತ್ತಿಕೊಂಡು ಬರುತ್ತದೆ. ಇದು ನೀರಿನ ಹಾಗೆ ಹರಿಯುವ ಪದಾರ್ಥವಲ್ಲ. ಹರಿಯಬೇಕೆಂದು ಕಾಯುತ್ತ ಕುಳಿತರೆ ಅಡಿ ಗಟ್ಟಿಯಾಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಅಷ್ಟೆ.

ಈಗ ತುಪ್ಪದ ವಿಷಯ. ಪೇಟೆಯವರು ಆಫ್ರಿಕಾದಿಂದ ಬರುವ ಶಿಯಾ ಬೆಣ್ಣೆಗೆ ಹಣ ಸುರಿಯುತ್ತಾರೆ. ನಮ್ಮ ಶಿರಸಿ ಸೀಮೆಯ ಮುರುಗಲ ತುಪ್ಪವನ್ನು ಅವರು ಕಣ್ಣೆತ್ತಿಯೂ ನೋಡುವುದಿಲ್ಲ. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವುದು ಈ ಹಣ್ಣನ್ನೇ. ನನ್ನ ಅತ್ತೆಯವರು ಬೇಸಿಗೆಯಲ್ಲಿ ಸಿಪ್ಪೆಯನ್ನು ಒಣಗಿಸಲು ಹಾಕಿದ ಮೇಲೆ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿಡುತ್ತಿದ್ದರು. ಮಳೆಗಾಲದಲ್ಲಿ ಹೊರಗಿನ ಕೆಲಸ ನಿಂತಾಗ ಆ ಬೀಜದ ತಿರುಳನ್ನು ಒರಳಲ್ಲಿ ಕುಟ್ಟಿ, ದೊಡ್ಡ ಚರಿಗೆಯಲ್ಲಿ ನೀರಿನೊಡನೆ ಕುದಿಸಿ, ಮೇಲೆ ತೇಲಿ ಬಂದ ಕೊಬ್ಬನ್ನು ಸೌಟಿನಿಂದ ತೆಗೆದು ತಣ್ಣಗಾದ ಮೇಲೆ ಉಂಡೆ ಕಟ್ಟುತ್ತಿದ್ದರು. ಮಸುಕು ಬಿಳಿಯ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುವ ಆ ಗಟ್ಟಿ ಉಂಡೆ ಮೈಗೆ ಉಜ್ಜಿದರೆ ಮೆಲ್ಲಗೆ ಕರಗುತ್ತಿತ್ತು. ಗದ್ದೆಗೆ ಹೋಗಿ ಬಂದವರ ಒಡೆದ ಹಿಮ್ಮಡಿಗೆ ಮನೆಯಲ್ಲಿದ್ದ ಔಷಧ ಅದೊಂದೇ. ಸುಮಾರು 40 ಡಿಗ್ರಿಯಲ್ಲಿ ಕರಗುವ ತುಪ್ಪವಾದ್ದರಿಂದ ಸಾಬೂನಿನಲ್ಲಿ ಸೇರಿದರೂ ಅದನ್ನು ಮೆತ್ತಗೆ ಮಾಡುವುದಿಲ್ಲ. ದ್ರವವಾಗಿರುವ ಬಾದಾಮಿ ಎಣ್ಣೆ, ಆಲಿವ್ ಎಣ್ಣೆಗಳಿಗೆ ಈ ಗುಣವಿಲ್ಲ.

ಅರ್ಧ ಕಿಲೋ ತುರಿಗೆ ಸಣ್ಣ ನೆಲ್ಲಿಕಾಯಿ ಗಾತ್ರದ ಮುರುಗಲ ತುಪ್ಪ ಸಾಕು. ಮೈ ತುಂಬ ಒಣಗುವವರಾದರೆ ಅದರ ಜೊತೆಗೆ ಒಂದು ಸಣ್ಣ ಚಮಚ ಹರಳೆಣ್ಣೆ. ಅದಕ್ಕಿಂತ ಮೇಲೆ ಒಂದು ತೊಟ್ಟೂ ಬೇಡ. ಮೈಗೆ ಇನ್ನಷ್ಟು ಎಣ್ಣೆ ಬೇಕೆಂದಿದ್ದರೆ ಸ್ನಾನಕ್ಕೆ ಮುಂಚೆ ಹಚ್ಚಿಕೊಳ್ಳಿ, ಅದನ್ನು ಸಾಬೂನಿಗೆ ತುರುಕುವುದೇಕೆ?

ಪರಿಮಳದ ಎಣ್ಣೆಯನ್ನು ಕುದಿಯುವ ಪಾತ್ರೆಗೆ ಹನಿಸುವವರನ್ನು ಕಂಡರೆ ನನಗೆ ತಡೆಯಲಾಗದಷ್ಟು ಸಿಟ್ಟು ಬರುತ್ತದೆ. ಮನೆಯೆಲ್ಲ ಘಮಘಮಿಸುತ್ತದೆ ನಿಜ, ಘಮ ಮನೆಗೆ ಹೋದ ಮೇಲೆ ಸಾಬೂನಿಗೆ ಏನು ಉಳಿಯುತ್ತದೆ? ಸಾಬೂನಿನ ಪಾತ್ರೆಯನ್ನು ಹಬೆಯಿಂದ ಇಳಿಸಿ, ಅದರ ಹೊರಮೈಯನ್ನು ಬರಿಗೈಯಲ್ಲಿ ಒಂದು ಕ್ಷಣ ಮುಟ್ಟುವಷ್ಟು ಬಿಸಿ ಇಳಿಯಲಿ. ಈ ಮಧ್ಯೆ ತುಪ್ಪವನ್ನು ಬೇರೆ ಬಟ್ಟಲಿನಲ್ಲಿ ಕರಗಿಸಿ, ಆರಿಸಿ, ಪರಿಮಳದ ಎಣ್ಣೆಯನ್ನು ಅದರಲ್ಲಿ ಕಲಸಿಟ್ಟುಕೊಳ್ಳಿ. ತುಪ್ಪದೊಡನೆ ಸೇರಿದ ಪರಿಮಳ ಸಾಬೂನಿನ ಎಲ್ಲ ಭಾಗಕ್ಕೂ ಸಮನಾಗಿ ಹರಡುತ್ತದೆ, ಒಂದು ಮೂಲೆಯಲ್ಲಿ ಕೂಡಿಕೊಂಡು ಚರ್ಮವನ್ನು ಸುಡುವುದಿಲ್ಲ. ಅರ್ಧ ಕಿಲೋಗೆ ಒಂದು ಟೀ ಚಮಚ ಮಿತಿ. ದಾಲ್ಚಿನ್ನಿ, ಲವಂಗದ ಎಣ್ಣೆಗಳು ಮೈಯನ್ನು ಕೆರಳಿಸುವುದರಿಂದ ನಾನು ಅವುಗಳನ್ನು ಮುಟ್ಟುವುದೇ ಇಲ್ಲ. ಕಿತ್ತಳೆ, ನಿಂಬೆ ಸಿಪ್ಪೆಯ ಎಣ್ಣೆಗಳು ಬೇಗ ಹಾರಿಹೋಗುತ್ತವೆ. ಮಜ್ಜಿಗೆ ಹುಲ್ಲಿನ ಎಣ್ಣೆ ಅವಕ್ಕಿಂತ ಚೆನ್ನಾಗಿ ನಿಲ್ಲುತ್ತದೆ, ಲಾವಂಚದ ಎಣ್ಣೆ ಎಲ್ಲಕ್ಕಿಂತ ಹೆಚ್ಚು ಕಾಲ ನಿಂತು ಜೊತೆಗಿರುವ ಹಗುರ ಪರಿಮಳವನ್ನೂ ಹಿಡಿದಿಡುತ್ತದೆ. ಗಂಧದೆಣ್ಣೆಗೂ ಆ ಗುಣವಿದೆ. ಮೊದಲ ಮಹಾಯುದ್ಧದಿಂದಾಗಿ ನಮ್ಮ ಶ್ರೀಗಂಧದ ಮರ ಪರದೇಶಕ್ಕೆ ಹೋಗುವುದು ತಡೆದಾಗ, 1916ರಲ್ಲಿ ಮೈಸೂರು ಸಂಸ್ಥಾನವೇ ಎಣ್ಣೆ ಬಟ್ಟಿ ಇಳಿಸಲು ತೊಡಗಿತು. ಅದೇ ಎಣ್ಣೆಯಿಂದ ಸಾಬೂನೂ ಹುಟ್ಟಿತು. ಈಗ ಶುದ್ಧ ಗಂಧದೆಣ್ಣೆಯ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದ್ದರಿಂದ ಅಗ್ಗವಾಗಿ ಸಿಕ್ಕಿತೆಂದು ಯಾರಾದರೂ ಸೀಸೆ ತೋರಿಸಿದರೆ ನಂಬಬೇಡಿ.

ಹಸಿ ಮಲ್ಲಿಗೆ, ಗುಲಾಬಿ ಎಸಳುಗಳನ್ನು ಹಾಕುವುದು ಶುದ್ಧ ಅವಿವೇಕ. ಪರಿಮಳ ಉಳಿಯುವುದಿಲ್ಲ, ಎಸಳು ಕಂದಿ ಕಪ್ಪಾಗುತ್ತದೆ. ಅರಿಶಿನ ಹಾಕಿದ ಸಾಬೂನು ಹಳದಿಯಾಗದೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತೆಂದು ಮೊನ್ನೆ ಒಬ್ಬಳು ಅಳುಮುಖ ಮಾಡಿಕೊಂಡು ಬಂದಿದ್ದಳು. ಆರತಿ ತಟ್ಟೆಯ ಓಕುಳಿ ನೀರಿಗೆ ಅರಿಶಿನದ ಜೊತೆ ಸುಣ್ಣ ಕಲಸುವುದನ್ನು ಹುಟ್ಟಿದಾಗಿನಿಂದ ನೋಡಿದವಳಿಗೆ ಇದು ಹೊಳೆಯಬೇಡವೇ? ಸಾಬೂನಿನಲ್ಲಿಯೂ ಸುಣ್ಣದಂತೆ ಕ್ಷಾರಗುಣವಿದೆ, ಅರಿಶಿನ ಕೆಂಪಾಗಲೇಬೇಕು. ಸಾಬೂನು ಕೆಟ್ಟಿಲ್ಲ, ಹಳದಿಯೇ ಬೇಕೆಂದರೆ ಅರಿಶಿನದ ಆಸೆಯನ್ನು ಬಿಡಬೇಕು.

ಅಚ್ಚಿಗೆ ತುಂಬುವಾಗ ಸಟ್ಟುಗದಿಂದ ತೆಗೆದು, ಮೂಲೆ ಮೂಲೆಗೆ ಒತ್ತಿ, ಮಡಚಿದ ಗೋಣಿಯ ಮೇಲೆ ಅಚ್ಚನ್ನು ನಾಲ್ಕಾರು ಸಲ ಜೋರಾಗಿ ಕುಟ್ಟಬೇಕು, ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ಮೇಲ್ಮೈ ಒರಟಾಗಿದ್ದರೆ ಒದ್ದೆ ಅಂಗೈಯಿಂದ ಸವರಿ. ಎರಡು ದಿನ ಬಿಟ್ಟು ಕತ್ತರಿಸಿ, ಬಿದಿರಿನ ಮೊರದ ಮೇಲೆ ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಗಾಳಿಯಾಡುವ ನೆರಳಿನಲ್ಲಿ ಕನಿಷ್ಠ ಮೂರು ವಾರ ಒಣಗಿಸಬೇಕು. ನಮ್ಮ ಕಡೆಯ ಜಡಿಮಳೆಯಲ್ಲಿ ಆ ಮೂರು ವಾರ ಆರಾದರೂ ಕಾಯಬೇಕು. ದಿನಬಿಟ್ಟು ದಿನ ಮಗ್ಗುಲು ಬದಲಿಸಿ. ಚೂರಿಯಿಂದ ಹೆರೆದು ಸರಿಮಾಡಿದಾಗ ಉಳಿಯುವ ಅಂಚುಗಳನ್ನು ಎಸೆಯದೆ ಡಬ್ಬಿಯಲ್ಲಿ ಹಾಕಿಡಿ, ಮುಂದಿನ ಸಲದ ತುರಿಗೆ ಸೇರುತ್ತವೆ. ಪೂರ್ತಿ ಒಣಗಿದ ಬಿಲ್ಲೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯದೆ ಹಳೆಯ ಹತ್ತಿಯ ಬಟ್ಟೆಯಲ್ಲಿ ಸುತ್ತಿ ಇಡಬೇಕು. ತುಪ್ಪ ಸೇರಿಸಿದ ಸಾಬೂನನ್ನು ವರ್ಷಗಟ್ಟಲೆ ಕೂಡಿಡದೆ ಮುಂದಿನ ಮಳೆಗಾಲದೊಳಗೆ ಬಳಸಿ ಮುಗಿಸಿ.