ಹಡಗು ಹತ್ತುವ ಮುನ್ನ ಹೆಸರು ಹೊಂದಿಸಿಕೊಳ್ಳಿ

ಹೋದ ಚಳಿಗಾಲದಲ್ಲಿ ನಮ್ಮ ಓಣಿಯ ಹನ್ನೊಂದು ಮಂದಿ ಹುಬ್ಬಳ್ಳಿಯಿಂದ ಮುಂಬೈಗೆ ಹೋದೆವು, ಅಲ್ಲಿಂದ ಗೋವಾ ತಿರುಗಿ ಬರುವ ಕ್ರೂಸ್ ಹಡಗು ಹತ್ತಲು. ಹತ್ತಿದ್ದು ಹತ್ತೇ ಮಂದಿ. ಹನ್ನೊಂದನೆಯವರು ನನ್ನ ಸೋದರಮಾವ. ಆಧಾರ್ ಕಾರ್ಡ್ ದಾರಿಯಲ್ಲಿ ಕಳೆದೀತೆಂದು ಅದನ್ನು ಮನೆಯ ತಿಜೋರಿಯಲ್ಲಿಟ್ಟು, ಕಿಸೆಯಲ್ಲಿ ಪ್ಯಾನ್ ಕಾರ್ಡ್ ಇಟ್ಟುಕೊಂಡು ಬಂದಿದ್ದರು. "ಇದೂ ಸರಕಾರದ್ದ ಐತಲ್ರೀ, ಫೋಟೊನೂ ಐತಿ" ಎಂದು ಕೌಂಟರಿನಲ್ಲಿ ಅರ್ಧ ತಾಸು ವಾದಿಸಿದರು. ಅಂದು ರಾತ್ರಿಯೇ ಹುಬ್ಬಳ್ಳಿ ರೈಲು ಹಿಡಿದರು. ಆಮೇಲೆ ಕ್ರೂಸ್ ಎಂದವರೆಲ್ಲ ನನ್ನ ಮನೆಗೇ ಬಂದು ಕಾಗದಪತ್ರ ತೋರಿಸುವ ರೂಢಿಯಾಗಿದೆ. ನೋಡಿ ನೋಡಿ ಗೊತ್ತಾದದ್ದು ಇಷ್ಟು: ಜನ ಎಡವುವುದು ಕಾಗದ ಇಲ್ಲದ್ದಕ್ಕಲ್ಲ. ಇರುವ ಕಾಗದಗಳಲ್ಲಿ ಹೆಸರು ಒಂದೊಂದು ತರ ಇರುವುದಕ್ಕೆ.

ಮೊದಲು: ಹಡಗು ಎಲ್ಲಿಗೆ ಹೋಗುತ್ತದೆ?

ಇದನ್ನು ಕೇಳದೆ ಬುಕ್ ಮಾಡುವವರಿದ್ದಾರೆ. ಮುಂಬೈ, ಗೋವಾ, ಕೊಚ್ಚಿ ಎಂದು ದೇಶದೊಳಗೇ ತಿರುಗುವ ಹಡಗಾದರೆ ಪಾಸ್‌ಪೋರ್ಟ್ ಬೇಕಿಲ್ಲ. ಆಧಾರ್, ಮತದಾರರ ಗುರುತಿನ ಚೀಟಿ, ಡ್ರೈವಿಂಗ್ ಲೈಸೆನ್ಸ್ ಇವುಗಳಲ್ಲಿ ಒಂದು ಸಾಕು, ಆದರೆ ಮೂಲ ಕಾರ್ಡೇ ಬೇಕು. ಪ್ಯಾನ್ ಕಾರ್ಡನ್ನು ಬುಕಿಂಗ್ ವೇಳೆ ಕೇಳಿದರೆ ಅದು ದುಡ್ಡಿನ ಲೆಕ್ಕಕ್ಕೆ. ಹಡಗಿನ ಬಾಗಿಲಲ್ಲಿ ಅದನ್ನು ನಂಬಿ ನಿಲ್ಲಬೇಡಿ. ಮೊಬೈಲಿನಲ್ಲಿ ತೆಗೆದ ಫೋಟೊ, ಝೆರಾಕ್ಸ್ ಪ್ರತಿ ಯಾವುದೂ ಮೂಲ ಕಾರ್ಡಿಗೆ ಸಮವಲ್ಲ. ಝೆರಾಕ್ಸ್ ಅಂಗಡಿಗಳಲ್ಲಿ ಎ.ಟಿ.ಎಂ. ಕಾರ್ಡಿನಂತೆ ಹೊಳೆಯುವ ಪ್ಲಾಸ್ಟಿಕ್ ಆಧಾರ್ ಮಾಡಿಕೊಡುತ್ತಾರಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಹೊರಗಡೆ ಮುದ್ರಿಸಿದ ಅಂಥ ಕಾರ್ಡುಗಳಲ್ಲಿ ಭದ್ರತಾ ಗುರುತುಗಳಿರುವುದಿಲ್ಲ, ಅವನ್ನು ಬಳಸಬೇಡಿ ಎಂದು ಆಧಾರ್ ಪ್ರಾಧಿಕಾರವೇ 2022ರಲ್ಲಿ ಹೇಳಿದೆ. ಬೇಕಿದ್ದರೆ ಪ್ರಾಧಿಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ, ಅಂಚೆಯಲ್ಲಿ ಮನೆಗೆ ಬರುತ್ತದೆ.

ಲಕ್ಷದ್ವೀಪ ನಮ್ಮ ದೇಶವೇ ಆದರೂ ಅಲ್ಲಿ ಕಾಲಿಡಲು ಪ್ರವೇಶ ಪರವಾನಗಿ ಬೇಕು. ಅದನ್ನು ಹಡಗಿನವರು ಮಾಡಿಸುತ್ತಾರೋ ನೀವೇ ಮಾಡಿಸಬೇಕೋ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿ. ಚೆನ್ನೈನಿಂದ ಶ್ರೀಲಂಕಾ ಕಡೆ ಹೋಗುವ ಹಡಗು, ಸಿಂಗಪುರ, ದುಬೈ, ಯುರೋಪ್ ಎಲ್ಲಕ್ಕೂ ಪಾಸ್‌ಪೋರ್ಟ್ ಬೇಕೇ ಬೇಕು. ಯೂಟ್ಯೂಬಿನಲ್ಲಿ ಯಾರೋ "ಜನನ ಪ್ರಮಾಣಪತ್ರ, ಡ್ರೈವಿಂಗ್ ಲೈಸೆನ್ಸ್ ಇದ್ದರೆ ಸಾಕು" ಎನ್ನುವುದನ್ನು ಕೇಳಿ ಧಾರವಾಡದ ಒಬ್ಬರು ನನ್ನ ಜೊತೆ ಜಗಳಕ್ಕೇ ಬಂದರು. ಅದು ಅಮೆರಿಕದ ಪ್ರಜೆಗಳಿಗೆ, ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವ ಹಡಗಿಗೆ ಇರುವ ರಿಯಾಯಿತಿ. ಧಾರವಾಡದವರಿಗೆ ಅನ್ವಯಿಸುವುದಿಲ್ಲ.

ಎರಡನೆಯದು: ಪಾಸ್‌ಪೋರ್ಟ್

ಪಾಸ್‌ಪೋರ್ಟ್ ಮಾಡಿಸಲು ಬೆಂಗಳೂರಿಗೆ ಓಡಬೇಕಿಲ್ಲ, ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ. ದೊಡ್ಡವರಿಗೆ 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಇನ್ನೂ 2,000. ಜಾಲತಾಣದ ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇಲ್ಲದಿದ್ದರೆ ಅಲ್ಲಿ ದುಡ್ಡು ಕಟ್ಟಬೇಡಿ.

ಪಾಸ್‌ಪೋರ್ಟ್ ಇದೆ ಎನ್ನುವವರು ಮುಕ್ತಾಯದ ದಿನಾಂಕ ನೋಡಿ. ಪ್ರವಾಸ ಮುಗಿದ ದಿನದಿಂದ ಆರು ತಿಂಗಳು ಉಳಿದಿರಬೇಕು. ಜನವರಿ 10ಕ್ಕೆ ಹಡಗಿನಿಂದ ಇಳಿಯುವವರ ಪಾಸ್‌ಪೋರ್ಟ್ ಜುಲೈ 10 ದಾಟಿರಲಿ. ಮಕ್ಕಳದ್ದು ಹತ್ತು ವರ್ಷಕ್ಕಲ್ಲ, ಐದೇ ವರ್ಷಕ್ಕೆ ಮುಗಿಯುತ್ತದೆ ಎಂಬುದು ಬಹಳ ಮಂದಿಗೆ ನೆನಪಿರುವುದಿಲ್ಲ. ಅಪ್ಪ-ಅವ್ವನದ್ದು ನೋಡಿ ಸುಮ್ಮನಾಗುತ್ತಾರೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಗುವಿಗೆ ಪಾಸ್‌ಪೋರ್ಟ್ ಮಾಡಿಸುವಾಗ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರ ಬಿಟ್ಟು ಬೇರೆ ಯಾವುದೂ ನಡೆಯುವುದಿಲ್ಲ.

ಮೂರನೆಯದು: ಹೆಸರು

ಇಲ್ಲಿ ಚಹಾ ಕುಡಿದು, ಕನ್ನಡಕ ಹಾಕಿಕೊಂಡು ಕೂರಿ.

ನಮ್ಮ ಕಡೆ ಹೆಸರಿಗೆ ಮೂರು ತುಂಡು: ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಬ್ಯಾಂಕಿನಲ್ಲಿ ಎರಡು ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಇರುವುದು ಎರಡೇ ಮನೆ: ಒಂದು ಅಡ್ಡಹೆಸರಿಗೆ, ಇನ್ನೊಂದರಲ್ಲಿ ತನ್ನ ಹೆಸರು ಮತ್ತು ಅಪ್ಪನ ಹೆಸರು. ಹಡಗಿನ ಬುಕಿಂಗ್ ಫಾರಂ ಕೇಳುವುದೂ ಎರಡೇ. ಅಪ್ಪನ ಹೆಸರನ್ನು 'ಕೊನೆಯ ಹೆಸರು' ಎಂದು ತುಂಬಿದವರನ್ನು ಎಷ್ಟು ನೋಡಿದ್ದೇನೋ.

ಗೊಂದಲವಾದರೆ ಒಂದು ಉಪಾಯ. ಪಾಸ್‌ಪೋರ್ಟಿನ ಫೋಟೊ ಪುಟದ ಬುಡದಲ್ಲಿ ಯಂತ್ರ ಓದುವ ಎರಡು ಸಾಲುಗಳಿವೆ. ಮೇಲಿನ ಸಾಲಿನಲ್ಲಿ ಭಾರತದ ಮೂರು ಅಕ್ಷರದ ಗುರುತಾದ ಮೇಲೆ ಮೊದಲು ಬರುವುದು ಅಡ್ಡಹೆಸರು. ಆಮೇಲೆ ಬಾಣದ ತಲೆಯಂಥ ಎರಡು ಗುರುತು. ಅದರಾಚೆಗಿನದ್ದು ನಿಮ್ಮ ಹೆಸರು. ಬುಕಿಂಗ್ ಫಾರಂನಲ್ಲಿ ಅದನ್ನೇ, ಅದೇ ಕಾಗುಣಿತದಲ್ಲಿ ತುಂಬಿ. ನೆನಪಿನಿಂದ ತುಂಬಬೇಡಿ, ಏಜೆಂಟನಿಗೆ ಫೋನಿನಲ್ಲಿ ಹೇಳಿ ಬರೆಸಲಂತೂ ಬೇಡ. 'ಮೆಣಸಿನಕಾಯಿ' ಎಂಬ ಅಡ್ಡಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು ನಾಲ್ಕು ತರ ಬರೆಯುವುದನ್ನು ಗದಗಿನ ಒಂದೇ ಮನೆಯಲ್ಲಿ ಕಂಡಿದ್ದೇನೆ. ಕೊನೆಗೆ ಬರೀ 'ಐ' ಒಬ್ಬರದು, 'ವೈ' ಸೇರಿಸಿದ್ದು ಇನ್ನೊಬ್ಬರದು, ನಡುವೆ ಒಂದು 'ಎ' ಹೆಚ್ಚು ಮತ್ತೊಬ್ಬರದು. ನಮಗೆ ಅದು ಒಂದೇ ಮೆಣಸಿನಕಾಯಿ, ಕಂಪ್ಯೂಟರಿಗೆ ನಾಲ್ಕು ಕುಟುಂಬ.

ಕೆಲವರು ಪಾಸ್‌ಪೋರ್ಟ್ ಮಾಡಿಸುವಾಗ ಅಡ್ಡಹೆಸರಿನ ಮನೆಯನ್ನು ಖಾಲಿ ಬಿಟ್ಟಿರುತ್ತಾರೆ. ಹೆಸರೂ ಒಂದೇ ಪದವಾದರೆ ದುಬೈ ಕಡೆಗೆ ತೊಂದರೆ: ಅಂಥ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಮೇಲೆ ಪ್ರವೇಶವಿಲ್ಲ ಎಂದು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲಿ ನಿಯಮ ಮಾಡಿತು. ಆಮೇಲೆ ಸ್ವಲ್ಪ ಸಡಿಲಿಸಿದರೂ ಅದನ್ನು ನೆಚ್ಚಿಕೊಳ್ಳುವ ಬದಲು ಪಾಸ್‌ಪೋರ್ಟ್ ಮರುಮಾಡಿಸುವುದು ನನ್ನ ಸಲಹೆ.

ಹೊಸ ಮದುಮಕ್ಕಳ ಕತೆ ಬೇರೆ. ನಮ್ಮಲ್ಲಿ ಕೆಲವು ಮನೆತನಗಳಲ್ಲಿ ಮದುವೆಯಲ್ಲಿ ಸೊಸೆಯ ಹೆಸರನ್ನೇ ಬದಲಿಸುತ್ತಾರೆ. ಅಳಿಯ ಉತ್ಸಾಹದಿಂದ ಹೊಸ ಹೆಸರಿನಲ್ಲಿ, ತನ್ನ ಅಡ್ಡಹೆಸರು ಹಚ್ಚಿ ಟಿಕೆಟ್ ಬುಕ್ ಮಾಡುತ್ತಾನೆ. ಹುಡುಗಿಯ ಪಾಸ್‌ಪೋರ್ಟ್ ಇರುವುದು ತವರಿನ ಹೆಸರಿನಲ್ಲಿ. ಮದುವೆಯಾಯಿತೆಂದು ಪಾಸ್‌ಪೋರ್ಟ್ ಬದಲಿಸಲೇಬೇಕೆಂಬ ನಿಯಮವಿಲ್ಲ, ತವರಿನ ಹೆಸರಿನಲ್ಲೇ ಬುಕ್ ಮಾಡಿ ಆರಾಮಾಗಿ ಹೋಗಿಬನ್ನಿ. ಹನಿಮೂನ್ ಮುಗಿದ ಮೇಲೆ ಬದಲಿಸುವ ವಿಚಾರ ಮಾಡಬಹುದು.

ಆಧಾರ್ ತಿದ್ದಿಸುವವರು ನೆನಪಿಡಿ: ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಹಿರಿಯರ ಹುಟ್ಟಿದ ದಿನಾಂಕ ಇನ್ನೊಂದು ಕಗ್ಗಂಟು. ನಮ್ಮ ಕಡೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ, ಶಾಲೆಗೆ ಹಚ್ಚುವಾಗ ಮಾಸ್ತರರು ಬರೆದದ್ದು ಅದೇ. ಉಳಿದವರ ಆಧಾರ್‌ನಲ್ಲಿ ಬರೀ ಇಸವಿ ಇರುತ್ತದೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲು ಯಾವ ದಿನಾಂಕ ಎಂದು ಮನೆಯಲ್ಲಿ ತೀರ್ಮಾನಿಸಿ, ಎಲ್ಲ ಕಡೆ ಅದನ್ನೇ ಇಡಿ. ಆದರೆ ಒಂದರಲ್ಲಿ ಊರಿನ ಹೆಸರು 'ಹುಬ್ಳಿ', ಇನ್ನೊಂದರಲ್ಲಿ 'ಹುಬ್ಬಳ್ಳಿ' ಎಂದು ಇದ್ದರೆ ಎದೆ ಒಡೆದುಕೊಳ್ಳಬೇಡಿ. 2014ರಲ್ಲಿ ಸರ್ಕಾರವೇ ಹೆಸರು ಬದಲಿಸಿದೆ. ಫಾರಂನಲ್ಲಿ ಪಾಸ್‌ಪೋರ್ಟಿನಲ್ಲಿದ್ದಂತೆ ಬರೆದರಾಯಿತು.

ನಾಲ್ಕನೆಯದು: ವೀಸಾ

ಒಂದೇ ಮಾತು: ಎಷ್ಟು ಸಲ ಪ್ರವೇಶ ಎಂದು ನೋಡಿ. ಸಿಂಗಪುರಕ್ಕೆ ವಿಮಾನದಲ್ಲಿ ಇಳಿಯುವುದು ಒಂದು ಪ್ರವೇಶ. ಹಡಗು ಮಲೇಷ್ಯಾ ಮುಟ್ಟಿ ಮತ್ತೆ ಸಿಂಗಪುರಕ್ಕೆ ಬಂದರೆ ಅದು ಎರಡನೆಯದು. ಯುರೋಪಿನ ಮೆಡಿಟರೇನಿಯನ್ ಹಡಗುಗಳಲ್ಲೂ ಇದೇ ಲೆಕ್ಕ, ಹಲವು ಪ್ರವೇಶದ ಶೆಂಗೆನ್ ವೀಸಾವನ್ನೇ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ) ಕೇಳಿ, ಅದಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆಯೂ ಬೇಕು. ಹಡಗು ನಿಲ್ಲುವ ಪ್ರತಿ ದೇಶದ ವೀಸಾ ಬೇಕೇ ಎಂದು ಕಂಪನಿಯಿಂದ ಬರವಣಿಗೆಯಲ್ಲಿ ಕೇಳಿ. "ನಾವು ಇಳಿಯೂದಿಲ್ಲ, ಹಡಗಿನ್ಯಾಗ ಕೂಡ್ತೀವಿ" ಎಂದರೂ ಕೆಲವೆಡೆ ಬಿಡುವುದಿಲ್ಲ. ಸಿಂಗಪುರದ ಆಗಮನ ಪತ್ರವನ್ನು ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ತುಂಬಬೇಕು, ಅದು ಪುಕ್ಕಟೆ. ದುಡ್ಡು ಕೇಳಿದರೆ ಅದು ಸರ್ಕಾರದ ತಾಣವಲ್ಲ.

ವೀಸಾ ಫೋಟೊಗೆ ಬಿಳಿ ಹಿನ್ನೆಲೆ. ಸ್ಟುಡಿಯೊದವನಿಗೆ "ಮುಖ ಬೆಳ್ಳಗ ಮಾಡಬ್ಯಾಡಪಾ" ಎಂದು ಮೊದಲೇ ಹೇಳಿ. ಅವನ ಕೈಚಳಕಕ್ಕೆ ಸಿಕ್ಕ ಫೋಟೊದಲ್ಲಿ ನನ್ನ ಹೆಂಡತಿಯನ್ನು ನಾನೇ ಗುರುತಿಸಲಿಲ್ಲ.

ಐದನೆಯದು: ಮಕ್ಕಳು, ಬಸುರಿಯರು, ಔಷಧ

ಮೊಮ್ಮಗನನ್ನು ಅಜ್ಜ-ಅಜ್ಜಿ ಮಾತ್ರ ಕರೆದೊಯ್ಯುವುದಾದರೆ ಅಪ್ಪ-ಅವ್ವ ಇಬ್ಬರ ಒಪ್ಪಿಗೆ ಪತ್ರ, ನೋಟರಿ ಮಾಡಿಸಿದ್ದು, ಜೊತೆಗೆ ಜನನ ಪ್ರಮಾಣಪತ್ರ ಇರಲಿ. ಬಹುತೇಕ ಕಂಪನಿಗಳು ಆರು ತಿಂಗಳೊಳಗಿನ ಕೂಸನ್ನೂ 24 ವಾರ ತುಂಬಿದ ಬಸುರಿಯನ್ನೂ ಹತ್ತಿಸಿಕೊಳ್ಳುವುದಿಲ್ಲ. ಅದಕ್ಕಿಂತ ಮುಂಚೆಯೂ ಡಾಕ್ಟರ ಪತ್ರ ಬೇಕು. ಬಿ.ಪಿ., ಶುಗರ್ ಗುಳಿಗೆಗೆ ಡಾಕ್ಟರ ಚೀಟಿ ಇಟ್ಟುಕೊಳ್ಳಿ.

ಬಂದರಿನಲ್ಲಿ

ವೆಬ್ ಚೆಕ್-ಇನ್ ಮನೆಯಲ್ಲೇ ಮುಗಿಸಿ ಬೋರ್ಡಿಂಗ್ ಪಾಸ್ ಮುದ್ರಿಸಿಕೊಳ್ಳಿ. ಹಡಗು ಹೊರಡುವುದಕ್ಕೆ ಒಂದೂವರೆ ತಾಸಿಗೂ ಮುಂಚೆ ಬಾಗಿಲು ಮುಚ್ಚಬಹುದು, ಆದ್ದರಿಂದ ಹಿಂದಿನ ದಿನವೇ ಊರು ಮುಟ್ಟಿ. ಗೋವಾದಲ್ಲಿ ಹತ್ತುವವರು ವಾಸ್ಕೋ ರೈಲನ್ನು ಅದೇ ದಿನಕ್ಕೆ ನಂಬಬೇಡಿ, ಕ್ಯಾಸಲ್‌ರಾಕ್ ಘಟ್ಟದಲ್ಲಿ ತಡವಾದರೆ ಹಡಗು ಕಾಯುವುದಿಲ್ಲ.

ಬಂದರಿನಲ್ಲಿ ಸೂಟ್‌ಕೇಸಿಗೆ ಚೀಟಿ ಕಟ್ಟಿ ಹಮಾಲರಿಗೆ ಕೊಡುತ್ತೀರಿ. ಅದು ನಿಮ್ಮ ಕೋಣೆಗೆ ಬರುವುದು ಕೆಲವು ತಾಸಿನ ಮೇಲೆ. ಪಾಸ್‌ಪೋರ್ಟನ್ನು ಅದರೊಳಗೇ ಹಾಕಿ ಕೊಟ್ಟು, ಬರಿಗೈಲಿ ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲುವವರು ಪ್ರತಿ ಹಡಗಿಗೂ ಒಬ್ಬರಾದರೂ ಇರುತ್ತಾರೆ. ಮೂಲ ಕಾಗದ, ಔಷಧ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಒಳಗೆ ಹೋದ ಮೇಲೆ ಒಂದು ಕಾರ್ಡ್ ಕೊಡುತ್ತಾರೆ, ಕೋಣೆಯ ಬೀಗಕ್ಕೂ ಲೆಕ್ಕಕ್ಕೂ ಅದೇ. ಪಾಸ್‌ಪೋರ್ಟನ್ನು ಹಡಗಿನವರೇ ಇಟ್ಟುಕೊಳ್ಳುವುದುಂಟು, ಅದಕ್ಕೆ ರಸೀದಿ ಕೇಳಿ ಪಡೆಯಿರಿ. ನಡುವೆ ಊರು ನೋಡಲು ಇಳಿಯುವಾಗ ಆ ಕಾರ್ಡಿನ ಜೊತೆ ಪಾಸ್‌ಪೋರ್ಟಿನ ಝೆರಾಕ್ಸ್ ಪ್ರತಿಯೊಂದು ಕಿಸೆಯಲ್ಲಿರಲಿ.