ಮಿಸೆಸ್ ಜಾನ್ ಸ್ಮಿತ್ ಯಾರು? ಚಂದಾ ಪುಸ್ತಕದಿಂದ ಹೆಸರು ಹುಡುಕಿದ ಬಗೆ

ಅಮೆರಿಕದ ಹಳೇ ಚರ್ಚ್ ದಾಖಲೆಗಳಲ್ಲಿ ಹೆಂಗಸರ ಹೆಸರೇ ಸಿಗುವುದಿಲ್ಲ, ಹುಡುಕುವುದು ದುಡ್ಡು ದಂಡ ಎಂದವರೇ ಹೆಚ್ಚು. ಸಿಗುತ್ತದೆ. 1870ರ ದಶಕದ ಒಂದು ಮೆಥಡಿಸ್ಟ್ (ಪ್ರೊಟೆಸ್ಟೆಂಟ್ ಪಂಗಡ) ಚಂದಾ ಪಟ್ಟಿಯಲ್ಲಿ ನೂರಕ್ಕೆ ಅರವತ್ತರಷ್ಟು ಹೆಸರು ಬಿಡಿಸಿದ್ದೇನೆ.

ಮೊದಲು ಪಾದ್ರಿಗಳ ಸಭೆಯ ನಡಾವಳಿ ಜಾಲಾಡಿದ್ದೇ ತಪ್ಪು. ಮೆಥಡಿಸ್ಟ್ ಹೆಂಗಸರಿಗೆ ಪೂರ್ಣ ಪಾದ್ರಿ ಹಕ್ಕು ಸಿಕ್ಕಿದ್ದೇ 1956ರಲ್ಲಿ. ಹಿಡಿಯಬೇಕಾದ್ದು ಹೆಂಗಸರ ಸಂಘದ ಚಂದಾ ಪುಸ್ತಕ. 1869ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಮಹಿಳಾ ವಿದೇಶಿ ಮಿಷನ್ ಸಂಘ ಕೇಳಿದ್ದು ವಾರಕ್ಕೆ ಎರಡು ಸೆಂಟು, ಜೊತೆಗೊಂದು ಪ್ರಾರ್ಥನೆ. ವರ್ಷಕ್ಕೆ ಒಂದು ಡಾಲರ್ ಚಿಲ್ಲರೆ. ಮಿಷನರಿ ಡಾಕ್ಟರ್ ಕ್ಲಾರಾ ಸ್ವೇನ್ 1870ರಲ್ಲಿ ಭಾರತದ ಬರೇಲಿ ತಲುಪಿದ್ದು ಇದೇ ಸಂಘದ ದುಡ್ಡಿನಲ್ಲೇ.

ತೊಡಕಿರುವುದು ಹೆಂಡತಿಯ ಹೆಸರು ಬಿಟ್ಟು ಗಂಡನ ಹೆಸರನ್ನೇ ಬರೆದ ‘ಮಿಸೆಸ್ ಜಾನ್ ಸ್ಮಿತ್’ ಎಂಬಂಥ ನಮೂದಿನಲ್ಲಿ. ಗಂಡನ ಹೆಸರು, ಊರು ಹಿಡಿದು 1870, 1880ರ ಜನಗಣತಿ ನೋಡುವುದು ಎಲ್ಲರಿಗೂ ಗೊತ್ತು. ಅಷ್ಟಕ್ಕೇ ನಿಲ್ಲಿಸಿ ಹತ್ತಾರು ಹೆಸರು ಕೆಡಿಸಿದೆ. ಗಂಡನಿಗೆ ಎರಡನೇ ಸಂಬಂಧವಾಗಿದ್ದರೆ ಇಬ್ಬರು ಹೆಂಡಿರೂ ಅದೇ ಮಿಸೆಸ್ ಜಾನ್ ಸ್ಮಿತ್! 1900ರ ಗಣತಿಯಲ್ಲಿ ಮದುವೆಯಾಗಿ ಎಷ್ಟು ವರ್ಷ ಎಂಬ ಕಾಲಂ ಇದೆ. ಅಲ್ಲಿ 22 ಎಂದಿದ್ದರೆ ಮದುವೆ 1878ರ ಸುಮಾರಿಗೆ. 1872ರ ಚಂದಾ ಕೊಟ್ಟಾಕೆ ಬೇರೆ. 1890ರ ಗಣತಿಯನ್ನು ನೆಚ್ಚಬೇಡಿ, 1921ರ ಬೆಂಕಿಯ ದೆಸೆಯಿಂದ ಬಹುಪಾಲು ಇಲ್ಲ.

ಆಕೆಯ ತವರಿನ ಹೆಸರಿಗೆ ಆಕೆಯ ಮಕ್ಕಳ ಮರಣಪತ್ರ ನೋಡಿ. ಅಮೆರಿಕದ ಅಂತರ್ಯುದ್ಧದ ಸೈನಿಕರ ವಿಧವೆಯರ ಪಿಂಚಣಿ ಕಡತ ಇನ್ನೂ ಗಟ್ಟಿ, ಮದುವೆಯ ಪುರಾವೆ ಅದರೊಳಗೇ ಇರುತ್ತದೆ. ಆದರೆ ಪೂರ್ತಿ ಕಡತದ ಪ್ರತಿಗೆ 80 ಡಾಲರ್ ಹತ್ತಿರ. ಗಂಡನ ರೆಜಿಮೆಂಟ್ ಖಚಿತವಾಗುವ ಮೊದಲೇ ತರಿಸಿ ಎರಡು ಸಲ ಇನ್ಯಾರದೋ ಕಡತ ಬಂತು. ಒಂದೇ ಹೆಸರಿನ ಗಂಡಂದಿರನ್ನು ಚಂದಾ ಪುಸ್ತಕದ ಸಾಲುಗಳ ಕ್ರಮದಿಂದಲೇ ಬೇರ್ಪಡಿಸಬಹುದು. ಹೇಗೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ನಡುವೆ ಕೌದಿಗಳ ಕಡೆಗೂ ಹೋಗಿದ್ದೆ. ಚರ್ಚಿಗೆ ಹಣ ಕೂಡಿಸಲು ಹೆಸರಿಗಿಷ್ಟು ಸೆಂಟು ಎಂದು ಪಡೆದು ಹೆಸರು ಬರೆದ, ಕಸೂತಿ ಹಾಕಿದ ಕೌದಿಗಳಿವೆ. ಕಬ್ಬಿಣದಂಶದ ಶಾಯಿ ಹತ್ತಿಯನ್ನು ತಿನ್ನುತ್ತದೆ. ಎಷ್ಟೋ ಕಡೆ ಶಾಯಿ ಹೋಗಿ ಅಕ್ಷರದ ಆಕಾರದ ತೂತು ಮಾತ್ರ ಉಳಿದಿರುತ್ತದೆ. ಫೋಟೋದಲ್ಲಿ ಕಾಂಟ್ರಾಸ್ಟ್ ಏರಿಸಿದರೆ ತೂತನ್ನೇ ಓದಬಹುದು. ಹೆಸರು ಸಿಕ್ಕಿದ್ದು ಐದಾರು, ಆದರೆ ಅವು ಅವರದೇ ಹೆಸರು.

ಗುಲಾಮಗಿರಿಯಲ್ಲಿದ್ದ ಕಪ್ಪು ಹೆಂಗಸರ ವಿಷಯದಲ್ಲಿ ಈ ದಾರಿ ನಡುವೆಯೇ ಕಡಿದುಹೋಗುತ್ತದೆ. 1850, 1860ರ ಗಣತಿಯ ಗುಲಾಮರ ಪಟ್ಟಿಯಲ್ಲಿ ವಯಸ್ಸು, ಲಿಂಗ, ಬಣ್ಣ ಬರೆದಿದ್ದಾರೆ, ಹೆಸರು ಬರೆದಿಲ್ಲ. ಆದರೆ ಸ್ವತಂತ್ರಳಾಗಿ ಹುಟ್ಟಿದ ಕಪ್ಪು ಉಪದೇಶಕಿ ಜರೀನಾ ಲೀ 1827ರ ಒಂದೇ ವರ್ಷದಲ್ಲಿ 2,325 ಮೈಲಿ ತಿರುಗಿ 178 ಉಪದೇಶ ಮಾಡಿದ ಲೆಕ್ಕವನ್ನು ತಾನೇ ಬರೆದಿಟ್ಟಿದ್ದಾಳೆ. ಕಪ್ಪು ಜನರದೇ ಆದ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿನ ಹೆಂಗಸರು 1874ರಲ್ಲಿ ಕಟ್ಟಿದ ಮೈಟ್ ಮಿಷನರಿ ಸಂಘದ ಚಂದಾ ಪಟ್ಟಿಗಳಿಗೆ ಈಗ ಕೈಹಾಕಿದ್ದೇನೆ.